ಬದಲಿ ಮಂಡಿಯ ಬಾಳಿಕೆ ಮತ್ತು ಬಾಳು: ಬೆಂಗಳೂರು ದಂಡು ಪ್ರದೇಶದ ನೆಲೆಯಿಂದ ಒಂದು ಸಮೀಕ್ಷೆ

ಮಂಡಿಯ ಕೀಲು ಪೂರ್ತಿ ಸವೆದಾಗ ಅದರ ಹಾಳಾದ ಮೇಲ್ಮೈಗಳನ್ನು ಕತ್ತರಿಸಿ ತೆಗೆದು, ಲೋಹ ಮತ್ತು ಪ್ಲಾಸ್ಟಿಕ್‌ನಿಂದ ಮಾಡಿದ ಕೃತಕ ಕೀಲನ್ನು ಕೂರಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ದೀರ್ಘಕಾಲದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ಕೂರಿಸಿದ ಕೀಲು ಎಷ್ಟು ವರ್ಷ ಬಾಳುತ್ತದೆ ಎಂಬುದು ಮೊದಲನೆಯದು. ಕೂರಿಸಿಕೊಂಡವರು ಆ ವರ್ಷಗಳನ್ನು ಹೇಗೆ ಬಾಳುತ್ತಾರೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಅರ್ಧ ಶತಮಾನದ ಅನುಭವದಿಂದ ಸಾಕಷ್ಟು ಗಟ್ಟಿಯಾದ ಉತ್ತರ ಸಿಕ್ಕಿದೆ. ಎರಡನೆಯದಕ್ಕೆ ಸಿಕ್ಕಿರುವ ಉತ್ತರ ಅಪೂರ್ಣವಾಗಿದೆ, ಮತ್ತು ನೆಲದ ಮೇಲೆ ಕೂತು ಏಳುವ, ಮಂಡಿಯೂರಿ ಪ್ರಾರ್ಥಿಸುವ, ಕುಕ್ಕರುಗಾಲಿನಲ್ಲಿ ಕೂತು ಕೆಲಸ ಮಾಡುವ ಜನರ ಮಟ್ಟಿಗೆ ಅದು ಇನ್ನೂ ಅಪೂರ್ಣ. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿದ್ದರಿಂದಲೇ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಕಡೆ ಅತಿಯಾದ ಭರವಸೆಯೂ ಇನ್ನೊಂದು ಕಡೆ ಅತಿಯಾದ ಭಯವೂ ಹುಟ್ಟಿಕೊಂಡಿವೆ.

ಈ ವಿಚಾರಕ್ಕೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳು ತಕ್ಕ ನೆಲೆಯಾಗಿವೆ. 1809ರಲ್ಲಿ ಬ್ರಿಟಿಷ್ ಸೈನ್ಯದ ನೆಲೆಯಾಗಿ ಆರಂಭವಾದ ದಂಡಿಗೆ ಹೊಂದಿಕೊಂಡು ಶಿವಾಜಿನಗರದ ಪೇಟೆ ಬೆಳೆಯಿತು. ದಂಡಿಗಿಂತ ಬಹಳ ಹಳೆಯದಾದ ಹಲಸೂರು ಅದರ ಅಂಚಿಗೆ ಸೇರಿಕೊಂಡಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ 1948ರಲ್ಲಿ ಕೃಷ್ಣರಾಜಪುರದ ಬಳಿ, ಮುಂದೆ ದೂರವಾಣಿನಗರವೆಂದು ಹೆಸರಾದ ಜಾಗದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯೂ ತಲೆಯೆತ್ತಿದ ಮೇಲೆ ಪೂರ್ವ ಭಾಗವು ಕಾರ್ಮಿಕರ ಮತ್ತು ಸರ್ಕಾರಿ ನೌಕರರ ಊರಾಯಿತು. ಪಾಳಿಗಳಲ್ಲಿ ಯಂತ್ರದ ಮುಂದೆ ನಿಂತು ದುಡಿದ ಆ ತಲೆಮಾರಿನ ಹಲವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿದ್ದಾರೆ. ಅವರು ಹೋಗುವ ಆಸ್ಪತ್ರೆಗಳೂ ನಾನಾ ಬಗೆಯವು: 1860ರ ದಶಕದಲ್ಲಿ ಹುಟ್ಟಿದ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಸೈನಿಕರಿಗಾಗಿ ಇರುವ ವಾಯುಪಡೆಯ ಕಮಾಂಡ್ ಆಸ್ಪತ್ರೆ, ಇಂದಿರಾನಗರದ ಇಎಸ್‌ಐ ಆಸ್ಪತ್ರೆ ಮತ್ತು ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ 1991ರಿಂದ ಇರುವ ಮಣಿಪಾಲ್ ಆಸ್ಪತ್ರೆ. ಒಂದೇ ರೋಗಕ್ಕೆ ಒಂದೇ ಪ್ರದೇಶದಲ್ಲಿ ಇಷ್ಟು ಬೇರೆ ಬೇರೆ ಬಾಗಿಲುಗಳಿರುವ ಕಡೆ ಚಿಕಿತ್ಸೆಯ ಫಲವನ್ನು ಹೋಲಿಸಿ ನೋಡುವ ಅವಕಾಶ ಇರುತ್ತದೆ.

ರೋಗದ ಸ್ವರೂಪವನ್ನು ಮೊದಲು ತಿಳಿಯಬೇಕು. ತೊಡೆಯ ಮೂಳೆಯ ಕೆಳತುದಿ ಮತ್ತು ಕೆಳಗಾಲಿನ ಮೂಳೆಯ ಮೇಲ್ತುದಿ ಸೇರುವಲ್ಲಿ ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಜನ ಮಂಡಿ ಸವೆತ ಎಂದು ಕರೆಯುವ ಅಸ್ಥಿಸಂಧಿವಾತದಲ್ಲಿ ಈ ಹೊದಿಕೆ ತೆಳುವಾಗಿ, ಬಿರುಕುಬಿಟ್ಟು, ಕೊನೆಗೆ ಮೂಳೆಗೆ ಮೂಳೆ ತಾಗುತ್ತದೆ. ಭಾರತದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಬೆಂಗಳೂರು ಸಹ ಅದರಲ್ಲಿ ಒಂದು ಕೇಂದ್ರವಾಗಿತ್ತು, ಮಂಡಿಯ ಅಸ್ಥಿಸಂಧಿವಾತದ ಪ್ರಮಾಣ ಶೇ. 28.7ರಷ್ಟಿದೆ ಎಂದು ಕಂಡುಕೊಂಡಿತು. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಮತ್ತು ತೂಕ ಹೆಚ್ಚಿರುವವರಲ್ಲಿ ಅದು ಹೆಚ್ಚು. ತೂಕದ ಮಾತು ಸುಮ್ಮನೆ ಬರುವಂಥದ್ದಲ್ಲ. ಒಳಗೇ ಅಳತೆಯ ಸಾಧನವಿರುವ ಕೃತಕ ಕೀಲುಗಳನ್ನು ಕೂರಿಸಿ ಜರ್ಮನಿಯಲ್ಲಿ ನಡೆಸಿದ ಅಧ್ಯಯನಗಳು ತೋರಿಸಿದಂತೆ ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ, ಮೆಟ್ಟಿಲು ಇಳಿಯುವಾಗ ಅದು ಮೂರೂವರೆ ಪಟ್ಟಿನ ಹತ್ತಿರ ಹೋಗುತ್ತದೆ. ಹಲಸೂರಿನ ಹಳೆಯ ಮನೆಗಳ ಕಡಿದಾದ ಕಿರಿಮೆಟ್ಟಿಲುಗಳನ್ನು ಹತ್ತುವುದಕ್ಕಿಂತ ಇಳಿಯುವುದಕ್ಕೇ ಹಿರಿಯರು ಹೆಚ್ಚು ಅಂಜುವುದಕ್ಕೆ ಕಾರಣ ಇದು.

ಶಸ್ತ್ರಚಿಕಿತ್ಸೆಯಲ್ಲಿ ನಡೆಯುವುದು ಇಷ್ಟು. ಮಂಡಿಯ ಮುಂಭಾಗವನ್ನು ಉದ್ದಕ್ಕೆ ಸೀಳಿ, ತೊಡೆಮೂಳೆಯ ತುದಿಯಿಂದಲೂ ಕೆಳಗಾಲಿನ ಮೂಳೆಯ ತಲೆಯಿಂದಲೂ ಕೆಲವು ಮಿಲಿಮೀಟರ್ ದಪ್ಪದ ಪದರವನ್ನು ನಿರ್ದಿಷ್ಟ ಕೋನದಲ್ಲಿ ಕತ್ತರಿಸುತ್ತಾರೆ. ಮೇಲಿನ ಮೂಳೆಗೆ ಸಾಮಾನ್ಯವಾಗಿ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಹೊದಿಕೆಯನ್ನೂ ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನೂ ಅಕ್ರಿಲಿಕ್ ಜಾತಿಯ ಮೂಳೆ ಸಿಮೆಂಟಿನಿಂದ ಅಂಟಿಸಿ, ಎರಡರ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಬಿಲ್ಲೆಯನ್ನು ಸೇರಿಸುತ್ತಾರೆ. ಮಂಡಿಚಿಪ್ಪನ್ನು ಕೆಲವರು ಹಾಗೆಯೇ ಬಿಡುತ್ತಾರೆ, ಕೆಲವರು ಅದರ ಹಿಂಬದಿಗೂ ಪ್ಲಾಸ್ಟಿಕ್ ಹೊದಿಸುತ್ತಾರೆ. ಅಕ್ಕಪಕ್ಕದ ಅಸ್ಥಿಬಂಧಗಳು, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿದಿರುವ ಗಟ್ಟಿ ಪಟ್ಟಿಗಳು, ಎರಡೂ ಬದಿಯಲ್ಲಿ ಸಮನಾದ ಬಿಗಿಯಲ್ಲಿ ಉಳಿಯುವಂತೆ ಮಾಡುವುದೇ ಶಸ್ತ್ರವೈದ್ಯರ ನಿಜವಾದ ಕುಶಲತೆ. ವರ್ಷಗಳ ಸವೆತದಿಂದ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ ಮೇಲೆ ಬರುವ ರೋಗಿಗಳಲ್ಲಿ, ಇಂಥವರು ನಮ್ಮಲ್ಲಿ ಬಹಳ, ಈ ಕೆಲಸ ಇನ್ನೂ ಕಠಿಣವಾಗುತ್ತದೆ.

ಇಂದಿನ ರೂಪಕ್ಕೆ ಬರುವ ಮುನ್ನ ಈ ಕೀಲು ಹಲವು ಸೋಲುಗಳನ್ನು ಕಂಡಿತು. 1950ರ ದಶಕದ ಕೃತಕ ಮಂಡಿಗಳು ಬಾಗಿಲ ಕೀಲಿನಂತೆ ಒಂದೇ ಅಚ್ಚಿನ ಸುತ್ತ ತಿರುಗುತ್ತಿದ್ದವು. ನಿಜವಾದ ಮಂಡಿಯೋ ಮಡಚುವಾಗ ಉರುಳುತ್ತದೆ, ಜಾರುತ್ತದೆ, ತುಸು ಹೊರಳುತ್ತದೆ, ಆದ್ದರಿಂದ ಆ ಕೀಲುಗಳು ಬೇಗ ಸಡಿಲಗೊಂಡವು. 1960ರ ದಶಕದ ಕೊನೆಯಲ್ಲಿ ಶಸ್ತ್ರವೈದ್ಯ ಫ್ರಾಂಕ್ ಗನ್‌ಸ್ಟನ್ ಇಂಗ್ಲೆಂಡಿನಲ್ಲಿ ಒಂದೇ ಅಚ್ಚಿಗೆ ಕಟ್ಟುಬೀಳದ ಕೀಲಿನಿಂದ ಹೊಸ ದಾರಿ ತೋರಿದರು. ನ್ಯೂಯಾರ್ಕಿನ ವಿಶೇಷ ಶಸ್ತ್ರಚಿಕಿತ್ಸಾ ಆಸ್ಪತ್ರೆಯಲ್ಲಿ ಜಾನ್ ಇನ್ಸಾಲ್, ಪೀಟರ್ ವಾಕರ್ ಮತ್ತು ಮಧ್ಯಪ್ರದೇಶ ಮೂಲದ ಚಿತ್ತರಂಜನ್ ರಾಣಾವತ್ ಇದ್ದ ತಂಡ ರೂಪಿಸಿ 1974ರಲ್ಲಿ ಬಳಕೆಗೆ ತಂದ ವಿನ್ಯಾಸವೇ ಇಂದಿನ ಬಹುಪಾಲು ಮಂಡಿಗಳ ಮೂಲರೂಪ. ಆ ವಿನ್ಯಾಸದ ಮೊದಲ ತಲೆಮಾರಿನ ಕೀಲುಗಳಲ್ಲಿ ಹದಿನೈದು ವರ್ಷಗಳ ನಂತರವೂ ಸುಮಾರು ಶೇ. 94ರಷ್ಟು ಉಳಿದಿದ್ದವೆಂದು ರಾಣಾವತ್ ಅವರ ಗುಂಪು 1993ರಲ್ಲಿ ವರದಿ ಮಾಡಿತು. ಇದೇ ರಾಣಾವತ್ 2000ದ ಅಕ್ಟೋಬರಿನಲ್ಲಿ ಮತ್ತು 2001ರ ಜೂನ್‌ನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಪತ್ರಿಕೆಗಳಲ್ಲಿ ದಿನದಿನವೂ ವರದಿಯಾದ ಆ ಎರಡು ಪ್ರಸಂಗಗಳು ಮಂಡಿ ಬದಲಾವಣೆಯ ಮಾತನ್ನು ದೇಶದ ಮನೆಮನೆಗೆ ಮುಟ್ಟಿಸಿದವು. ಬೌರಿಂಗ್ ಆಸ್ಪತ್ರೆಗೆ ಹೊಂದಿಕೊಂಡ ಸರ್ಕಾರಿ ವೈದ್ಯಕೀಯ ಕಾಲೇಜು ಇಂದು ವಾಜಪೇಯಿ ಅವರ ಹೆಸರನ್ನೇ ಹೊತ್ತಿದೆ.

ಬಾಳಿಕೆಯ ಲೆಕ್ಕವು ಒಬ್ಬೊಬ್ಬ ವೈದ್ಯರ ವರದಿಗಳಿಂದ ಹೊರಬಂದು ಇಡೀ ದೇಶದ ಲೆಕ್ಕವಾದದ್ದು ಕೀಲು ನೋಂದಣಿಗಳಿಂದ. ದೇಶದಲ್ಲಿ ಹಾಕಿದ ಪ್ರತಿಯೊಂದು ಕೃತಕ ಕೀಲಿನ ವಿವರವನ್ನೂ ಮುಂದೆ ಅದನ್ನು ಎಂದಾದರೂ ಬದಲಿಸಿದರೆ ಆ ವಿವರವನ್ನೂ ಒಂದೇ ಕಡೆ ಬರೆದಿಡುವ ವ್ಯವಸ್ಥೆ ಇದು. ಮಂಡಿಗಾಗಿ ಸ್ವೀಡನ್ 1975ರಲ್ಲಿಯೇ ಇದನ್ನು ಆರಂಭಿಸಿತು; ಆಸ್ಟ್ರೇಲಿಯ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಲ್ಲಿ ಹಿಂಬಾಲಿಸಿದವು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಟ್ರೇಲಿಯ ಮತ್ತು ಫಿನ್ಲೆಂಡಿನ ನೋಂದಣಿಗಳನ್ನು ಒಟ್ಟುಗೂಡಿಸಿ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು ಶೇ. 93ರಷ್ಟು ಹದಿನೈದು ವರ್ಷ, ಶೇ. 90ರಷ್ಟು ಇಪ್ಪತ್ತು ವರ್ಷ, ಶೇ. 82ರಷ್ಟು ಇಪ್ಪತ್ತೈದು ವರ್ಷ ಬಾಳುತ್ತವೆಂದು ತೋರಿಸಿತು. ಮಂಡಿಯ ಒಂದು ಬದಿಯನ್ನು ಮಾತ್ರ ಬದಲಿಸುವ ಅರೆ ಬದಲಾವಣೆಯಲ್ಲಿ ಇಪ್ಪತ್ತೈದು ವರ್ಷದ ಬಾಳಿಕೆ ಶೇ. 70ರ ಆಸುಪಾಸಿನಲ್ಲಿತ್ತು. ಹತ್ತು ವರ್ಷಕ್ಕೆ ಕೀಲು ಕೆಟ್ಟುಹೋಗುತ್ತದೆ, ಮತ್ತೆ ಹಾಕಿಸಬೇಕಾಗುತ್ತದೆ ಎಂದು ಇಂದಿಗೂ ನೆರೆಹೊರೆಯಲ್ಲಿ ಕೇಳಿಬರುವ ಮಾತಿಗೆ ಈ ಅಂಕಿಗಳ ಮುಂದೆ ಆಧಾರ ಉಳಿಯುವುದಿಲ್ಲ.

ಹಾಗೆಂದು ಈ ಅಂಕಿಗಳು ಎಲ್ಲ ವಯಸ್ಸಿನವರಿಗೂ ಒಂದೇ ತೆರನಾಗಿ ಅನ್ವಯಿಸುವುದಿಲ್ಲ. ಅದೇ ಪತ್ರಿಕೆಯಲ್ಲಿ 2017ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರ ಪ್ರಕಾರ, ಎಪ್ಪತ್ತು ದಾಟಿದ ಮೇಲೆ ಮಂಡಿ ಬದಲಿಸಿಕೊಂಡವರಲ್ಲಿ ಉಳಿದ ಬದುಕಿನಲ್ಲಿ ಎಂದಾದರೂ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಸುಮಾರು ಶೇ. 5ರಷ್ಟು ಮಾತ್ರ, ಐವತ್ತರ ಆರಂಭದಲ್ಲಿ ಹಾಕಿಸಿಕೊಂಡ ಗಂಡಸರಲ್ಲಿ ಅದು ಶೇ. 35ರವರೆಗೆ ಏರುತ್ತದೆ, ಆ ವಯಸ್ಸಿನ ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಕಾರಣ ಸ್ಪಷ್ಟ: ಚಿಕ್ಕ ವಯಸ್ಸಿನವರು ಹೆಚ್ಚು ನಡೆಯುತ್ತಾರೆ, ಹೆಚ್ಚು ವರ್ಷ ಬದುಕುತ್ತಾರೆ, ಕೀಲಿನಿಂದ ಹೆಚ್ಚು ನಿರೀಕ್ಷಿಸುತ್ತಾರೆ. ಐವತ್ತೆರಡು ವರ್ಷದ ವ್ಯಕ್ತಿಗೆ ಆರು ತಿಂಗಳ ವ್ಯಾಯಾಮವನ್ನೂ ಮಾಡಿಸದೆ ನೇರವಾಗಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಪಡಿಸುವುದನ್ನು ಈ ಅಂಕಿಗಳನ್ನು ತಿಳಿದವರು ಒಪ್ಪಲಾಗದು.

ನೋಂದಣಿಯ ಲೆಕ್ಕದಲ್ಲಿ ಇನ್ನೊಂದು ಮಿತಿ ಇದೆ, ಮತ್ತು ನಮ್ಮ ಪರಿಸ್ಥಿತಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಆ ಲೆಕ್ಕದಲ್ಲಿ ಸೋಲು ಎಂದರೆ ಕೀಲನ್ನು ತೆಗೆದು ಬದಲಿಸಿದ್ದು ಮಾತ್ರ. ಕೀಲು ನೋಯುತ್ತಿದ್ದರೂ ಸಡಿಲಗೊಂಡಿದ್ದರೂ ಮತ್ತೊಮ್ಮೆ ಮಲಗುವ ಧೈರ್ಯವಿಲ್ಲದವರು, ಹೃದಯದ ತೊಂದರೆಯಿಂದ ಅರಿವಳಿಕೆ ತಡೆಯಲಾರದವರು, ಎರಡನೆಯ ಖರ್ಚಿಗೆ ಹಣವಿಲ್ಲದವರು ಎಲ್ಲರೂ ಕೀಲು ಉಳಿದವರ ಪಟ್ಟಿಯಲ್ಲೇ ಸೇರುತ್ತಾರೆ. ಸಾರ್ವಜನಿಕ ಚಿಕಿತ್ಸೆ ಎಲ್ಲರಿಗೂ ಸಿಗುವ ಸ್ವೀಡನ್ನಿನಲ್ಲಿ ಈ ದೋಷ ಸಣ್ಣದಿರಬಹುದು. ಮರುಶಸ್ತ್ರಚಿಕಿತ್ಸೆಯ ಖರ್ಚು ಮೊದಲನೆಯದಕ್ಕಿಂತ ಹೆಚ್ಚಾಗಿದ್ದು ಅದನ್ನು ಮನೆಯವರೇ ಭರಿಸಬೇಕಾದ ಕಡೆ, ಕಡಿಮೆ ಮರುಶಸ್ತ್ರಚಿಕಿತ್ಸೆ ಎಂಬುದು ಒಳ್ಳೆಯ ಫಲದ ಗುರುತಾಗಿರಬೇಕಿಲ್ಲ. ಅದು ಬಡತನದ ಗುರುತೂ ಆಗಿರಬಹುದು. ಭಾರತದಲ್ಲಿ ಸೊಂಟ ಮತ್ತು ಮಂಡಿ ಶಸ್ತ್ರವೈದ್ಯರ ಸಂಘವು ನಡೆಸುವ ನೋಂದಣಿ ಇದೆ, ಆದರೆ ಅದು ವೈದ್ಯರು ಸ್ವ‌ಇಚ್ಛೆಯಿಂದ ವಿವರ ಕಳಿಸುವ ವ್ಯವಸ್ಥೆಯಾದ್ದರಿಂದ ಎಲ್ಲ ಆಸ್ಪತ್ರೆಗಳ ಎಲ್ಲ ಮಂಡಿಗಳೂ ಅದರೊಳಗೆ ಬರುವುದಿಲ್ಲ.

ಕೀಲು ಕೆಡುವ ಬಗೆಗಳಲ್ಲಿ ಸವೆತ, ಸಡಿಲಿಕೆ, ಅಸ್ಥಿರತೆ, ಸೋಂಕು, ಕೀಲಿನ ಪಕ್ಕದ ಮೂಳೆ ಮುರಿತ ಇವು ಮುಖ್ಯ. ಮೊದಲ ಎರಡರ ಸಂಬಂಧವನ್ನು ಹತ್ತಿರದಿಂದ ನೋಡಬೇಕು. ಲೋಹದ ಹೊದಿಕೆ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಪ್ರತಿ ಹೆಜ್ಜೆಗೂ ಉಜ್ಜುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಉದುರುತ್ತವೆ; ದೇಹದ ರಕ್ಷಣಾ ಕೋಶಗಳು ಅವನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು; ಕೆರಳಿದ ಆ ಕೋಶಗಳು ಬಿಡುವ ರಾಸಾಯನಿಕಗಳು ಮೂಳೆ ಕರಗಿಸುವ ಕೋಶಗಳನ್ನು ಎಚ್ಚರಿಸುತ್ತವೆ; ಹೀಗೆ ಸಿಮೆಂಟಿನ ಅಂಚಿನಲ್ಲಿ ಮೂಳೆ ಸದ್ದಿಲ್ಲದೆ ಕರಗುತ್ತ ಹೋಗಿ ಗಟ್ಟಿಯಾಗಿ ಕೂತ ತಟ್ಟೆ ಅಲುಗತೊಡಗುತ್ತದೆ. ಈ ಕರಗುವಿಕೆ ಬಹಳ ದಿನ ನೋವಿಲ್ಲದೆ ನಡೆಯುತ್ತದೆಂಬುದು ಮುಖ್ಯ. ಎಕ್ಸ್-ರೇಯಲ್ಲಿ ಸಿಮೆಂಟಿನ ಸುತ್ತ ಕಪ್ಪು ಗೆರೆಯಾಗಿ ಅದು ಮೊದಲು ಕಾಣುತ್ತದೆ, ರೋಗಿಗೆ ತಿಳಿಯುವುದು ಆಮೇಲೆ. ಹಿಂದೆ ಪ್ಲಾಸ್ಟಿಕ್ ಬಿಲ್ಲೆಗಳನ್ನು ಗಾಳಿಯಿರುವಲ್ಲೇ ಗಾಮಾ ಕಿರಣಗಳಿಂದ ಶುದ್ಧೀಕರಿಸುತ್ತಿದ್ದುದರಿಂದ ಅವು ಆಮ್ಲಜನಕದೊಡನೆ ಕೂಡಿ ಪೆಡಸಾಗುತ್ತಿದ್ದವು. 1990ರ ದಶಕದಲ್ಲಿ ಆ ಪದ್ಧತಿ ಬಿಟ್ಟ ಮೇಲೆ ಸವೆತ ಬಹಳ ಇಳಿಯಿತು.

ಸವೆತ ಹಿಂದೆ ಸರಿದ ಮೇಲೆ ಸೋಂಕು ಮುಂದೆ ಬಂದಿದೆ. ಮಂಡಿ ಬದಲಾವಣೆಯಾದ ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಕೀಲಿನೊಳಗೆ ಸೋಂಕು ತಗಲುತ್ತದೆ, ಆದರೆ ತಗಲಿದರೆ ಅದರ ದಾರಿ ದೀರ್ಘ: ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಔಷಧಕ್ಕೆ ಸಿಗದಂತೆ ಅಡಗುವುದರಿಂದ ಅನೇಕ ವೇಳೆ ಕೀಲನ್ನು ತೆಗೆದು, ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ತುಂಡನ್ನು ಇಟ್ಟು, ವಾರಗಟ್ಟಲೆ ಔಷಧ ಕೊಟ್ಟು, ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲಿ ಹೊಸ ಕೀಲು ಕೂರಿಸಬೇಕಾಗುತ್ತದೆ. ಅಮೆರಿಕದ ಒಂದು ಅಧ್ಯಯನದಲ್ಲಿ ಕೃತಕ ಕೀಲಿನ ಸೋಂಕಿಗೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಜನ ಐದು ವರ್ಷಗಳೊಳಗೆ ಮರಣ ಹೊಂದಿದ್ದರು. ಸೋಂಕು ಶಸ್ತ್ರಚಿಕಿತ್ಸೆಯ ದಿನಗಳಲ್ಲೇ ಬರಬೇಕೆಂದಿಲ್ಲ. ಹತ್ತು ವರ್ಷದ ನಂತರವೂ ಪಾದದ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ರಕ್ತದ ಮೂಲಕ ಮಂಡಿಗೆ ಇಳಿಯಬಹುದು. ಸಕ್ಕರೆ ಕಾಯಿಲೆ ಇಷ್ಟು ವ್ಯಾಪಕವಾಗಿರುವ ಊರಿನಲ್ಲಿ, ಬರಿಗಾಲಿನಲ್ಲಿ ತಿರುಗಾಡಿ ಪಾದಕ್ಕೆ ಗಾಯ ಮಾಡಿಕೊಳ್ಳುವವರು ಸಾಮಾನ್ಯವಾಗಿರುವ ಕಡೆ, ಬದಲಿ ಮಂಡಿಯ ಆರೈಕೆಯು ಪಾದದ ಆರೈಕೆಯಿಂದ ಮತ್ತು ಸಕ್ಕರೆಯ ಹತೋಟಿಯಿಂದ ಆರಂಭವಾಗಬೇಕು. ಈ ಎಚ್ಚರಿಕೆಯನ್ನು ಆಸ್ಪತ್ರೆ ಬಿಡುವ ದಿನದ ಚೀಟಿಯಲ್ಲಿ ಕನ್ನಡ, ಉರ್ದು, ತಮಿಳುಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುವುದು ದುಬಾರಿಯ ಕೆಲಸವೇನಲ್ಲ.

ಎರಡನೆಯ ಪ್ರಶ್ನೆಗೆ, ಅಂದರೆ ಹಾಕಿಸಿಕೊಂಡವರ ಬಾಳಿಗೆ ಬಂದರೆ, ನೋವಿನ ಮಟ್ಟಿಗೆ ಫಲ ಒಟ್ಟಿನಲ್ಲಿ ಒಳ್ಳೆಯದು. ರಾತ್ರಿ ನಿದ್ದೆಗೆಡಿಸುತ್ತಿದ್ದ ನೋವು ಹೋಗುವುದು, ಬಾಗಿದ ಕಾಲು ನೆಟ್ಟಗಾಗುವುದು, ಮನೆಯಿಂದ ಬಸ್ ನಿಲ್ದಾಣದವರೆಗೆ ನಿಲ್ಲದೆ ನಡೆಯಲಾಗುವುದು ಬಹುಪಾಲು ಜನರ ಅನುಭವ. ಡೆನ್ಮಾರ್ಕಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನೂರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ತೂಕ ಇಳಿಕೆ ಮುಂತಾದ ಚಿಕಿತ್ಸೆ ಎರಡನ್ನೂ, ಇನ್ನೊಂದಕ್ಕೆ ಬರಿಯ ವ್ಯಾಯಾಮಾದಿ ಚಿಕಿತ್ಸೆಯನ್ನು ಕೊಟ್ಟರು. ಒಂದು ವರ್ಷದ ಕೊನೆಗೆ ನೂರು ಅಂಕದ ಅಳತೆಯಲ್ಲಿ ಮೊದಲ ಗುಂಪು 32ರಷ್ಟು, ಎರಡನೆಯದು 16ರಷ್ಟು ಸುಧಾರಿಸಿತ್ತು. ಶಸ್ತ್ರಚಿಕಿತ್ಸೆಯ ಫಲ ಇಮ್ಮಡಿಯಾಗಿತ್ತು, ಆದರೆ ಗಂಭೀರ ತೊಂದರೆಗಳೂ ಆ ಗುಂಪಿನಲ್ಲೇ ಹೆಚ್ಚಿದ್ದವು. ಎರಡನೆಯ ಗುಂಪಿನಲ್ಲಿ ಆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕೆಂದವರು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಅದಿಲ್ಲದೆ ವರ್ಷ ಕಳೆದಿತ್ತು. ಈ ಪ್ರಯೋಗ ಶಸ್ತ್ರಚಿಕಿತ್ಸೆಯ ಪರವೂ ಹೌದು, ಅವಸರದ ವಿರುದ್ಧವೂ ಹೌದು.

ಒಳ್ಳೆಯ ಫಲದ ನಡುವೆಯೂ ಸುಮಾರು ಐದರಲ್ಲಿ ಒಬ್ಬರು ತಮ್ಮ ಹೊಸ ಮಂಡಿಯಿಂದ ತೃಪ್ತರಾಗಿಲ್ಲ ಎಂಬುದು ಬ್ರಿಟನ್, ಕೆನಡಾಗಳ ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಎಕ್ಸ್-ರೇಯಲ್ಲಿ ಕೀಲು ಸರಿಯಾಗಿ ಕೂತಿರುತ್ತದೆ, ಸೋಂಕಿಲ್ಲ, ಆದರೂ ನೋವಿರುತ್ತದೆ. ಇಂಥವರಲ್ಲಿ ಕೆಲವರಿಗೆ ನೋವಿನ ಮೂಲ ಬೆನ್ನಿನಲ್ಲೋ ಸೊಂಟದಲ್ಲೋ ಇದ್ದು ಮಂಡಿಯ ಲೆಕ್ಕಕ್ಕೆ ಬಂದಿರುತ್ತದೆ. ಕೆಲವರಿಗೆ ಎಕ್ಸ್-ರೇಯಲ್ಲಿ ಸವೆತ ಇನ್ನೂ ಆರಂಭದಲ್ಲಿರುವಾಗಲೇ ಶಸ್ತ್ರಚಿಕಿತ್ಸೆ ನಡೆದಿರುತ್ತದೆ. ಖಿನ್ನತೆಯೂ ಮೈಯೆಲ್ಲ ಹರಡಿದ ನೋವೂ ಇದ್ದವರಲ್ಲಿ ಫಲ ಕಡಿಮೆ. ಮೂಳೆಗೆ ಮೂಳೆ ತಾಗಿದವರಿಗೆ ಹೆಚ್ಚು ಲಾಭ, ಸವೆತ ಕಡಿಮೆ ಇದ್ದವರಿಗೆ ಕಡಿಮೆ ಲಾಭ ಎಂಬ ಈ ತಿಳಿವಳಿಕೆಯು ಬೇಗ ಮಾಡಿಸಿಕೊಂಡಷ್ಟೂ ಒಳ್ಳೆಯದು ಎಂಬ ಜಾಹೀರಾತಿನ ಮಾತಿಗೆ ನೇರ ವಿರುದ್ಧವಾಗಿದೆ.

ಪಾಶ್ಚಾತ್ಯ ಅಳತೆಪಟ್ಟಿಗಳು ನಡಿಗೆ, ಮೆಟ್ಟಿಲು, ಕುರ್ಚಿಯಿಂದ ಏಳುವುದು, ಕಾರು ಹತ್ತುವುದು ಇವನ್ನು ಮುಖ್ಯವಾಗಿ ಕೇಳುತ್ತವೆ. ಶಿವಾಜಿನಗರದಲ್ಲಿ ಮಂಡಿಯಿಂದ ಜನ ಬಯಸುವುದು ಅಷ್ಟು ಮಾತ್ರವಲ್ಲ. ಕುರ್ಚಿಯಿಂದ ಏಳಲು ಮಂಡಿ ಸುಮಾರು 90ರಿಂದ 100 ಡಿಗ್ರಿ ಮಡಚಿದರೆ ಸಾಕು. ಚಕ್ಕಳ ಮಕ್ಕಳ ಹಾಕಿ ಕೂರಲು, ಕುಕ್ಕರುಗಾಲಿನಲ್ಲಿ ಕೂರಲು, ನಮಾಜಿನಲ್ಲಿ ಸಜ್ದಾ ಮಾಡಿ ಕಾಲು ಮಡಚಿ ಹಿಮ್ಮಡಿಯ ಮೇಲೆ ಕೂರಲು 110ರಿಂದ 150 ಡಿಗ್ರಿ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬೇಕು. ಸಾಮಾನ್ಯ ಮಂಡಿ ಬದಲಾವಣೆಯ ನಂತರ ಸಿಗುವುದು 110ರಿಂದ 120 ಡಿಗ್ರಿ. ಹೀಗೆ ಸಿಗುವುದಕ್ಕೂ ಬೇಕಾಗುವುದಕ್ಕೂ ನಡುವಿನ ಅಂತರದಲ್ಲೇ ಈ ಭಾಗದ ಜನರ ದಿನಚರಿಯ ಬಹುಪಾಲು ಇದೆ. ನಮಾಜು ಕುರ್ಚಿಗೆ ಏರುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಸಂತ ಮೇರಿ ಬೆಸಿಲಿಕಾಕ್ಕೆ ಬರುವವರು ಮಂಡಿಯೂರುವ ಬದಲು ಬೆಂಚಿನ ತುದಿಯಲ್ಲಿ ಕೂತು ಪ್ರಾರ್ಥಿಸುತ್ತಾರೆ. ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ನಮಸ್ಕಾರ ನಿಂತ ನಿಲುವಿನಲ್ಲೇ ಮುಗಿಯುತ್ತದೆ. ಧರ್ಮಗಳೆಲ್ಲ ಇದಕ್ಕೆ ಉದಾರವಾಗಿ ಅವಕಾಶ ಕೊಟ್ಟಿವೆ. ಜೀವನೋಪಾಯ ಅಷ್ಟು ಉದಾರವಲ್ಲ: 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತ ನೆಲದ ಮೇಲೆ ಗೋಣಿ ಹಾಸಿ ಹೂವು, ಸೊಪ್ಪು ಮಾರುವ ಹೆಂಗಸಿಗೆ, ಅಡಿ ಎತ್ತರದ ಮಣೆಯ ಮೇಲೆ ದಿನವಿಡೀ ಕೂತು ಏಳುವವಳಿಗೆ, ನೆಲ ಬಿಟ್ಟು ಕುರ್ಚಿಗೆ ಏರಿ ಎಂಬ ಸಲಹೆಯನ್ನು ಪಾಲಿಸಬೇಕಾದರೆ ವ್ಯಾಪಾರದ ರೀತಿಯನ್ನೇ ಬದಲಿಸಬೇಕಾಗುತ್ತದೆ.

ಈ ಅಗತ್ಯವನ್ನು ಕಂಡೇ ಹೆಚ್ಚು ಮಡಚುವ ಮಂಡಿ ಎಂಬ ಹೆಸರಿನಲ್ಲಿ ವಿಶೇಷ ಕೀಲುಗಳು ಏಷ್ಯಾದ ಮಾರುಕಟ್ಟೆಗೆ ಬಂದವು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಅವುಗಳಿಂದ ಸಿಗುವ ಹೆಚ್ಚುವರಿ ಮಡಿಕೆ ಗಣನೀಯವಾಗಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತೋ ಅದೇ ನಂತರದ ಮಡಿಕೆಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಮಂಡಿಯೂರುವ ವಿಷಯದಲ್ಲಿ ಮಾತ್ರ ಅನೇಕ ರೋಗಿಗಳು ಅನಗತ್ಯವಾಗಿ ಹೆದರಿದ್ದಾರೆ. ಚರ್ಮವನ್ನು ಸೀಳುವಾಗ ಸಣ್ಣ ನರವೊಂದು ಕತ್ತರಿಸಿಹೋಗುವುದರಿಂದ ಗಾಯದ ಹೊರಬದಿಯಲ್ಲಿ ಅಂಗೈಯಗಲ ಜೋಮು ಉಳಿಯುತ್ತದೆ, ಮಂಡಿಯೂರಿದಾಗ ಅಲ್ಲಿ ವಿಚಿತ್ರವಾದ ಸ್ಪರ್ಶ ಕಾಣುತ್ತದೆ, ಕೀಲು ಒಡೆಯಿತೇನೋ ಎಂಬ ಆತಂಕ ಹುಟ್ಟುತ್ತದೆ. ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಫಿಸಿಯೋಥೆರಪಿಸ್ಟರಿಂದ ಮಂಡಿಯೂರುವುದನ್ನು ಕಲಿತವರು ಕಲಿಯದವರಿಗಿಂತ ಚೆನ್ನಾಗಿ ಮಂಡಿಯೂರಬಲ್ಲವರಾಗಿದ್ದರು. ಮೆತ್ತನೆಯ ಹಾಸಿನ ಮೇಲೆ, ಕೈಗೆ ಆಧಾರವಿಟ್ಟುಕೊಂಡು, ವೈದ್ಯರ ಒಪ್ಪಿಗೆಯೊಡನೆ ಇದನ್ನು ಅಭ್ಯಾಸ ಮಾಡಿಸುವುದು ನಮ್ಮ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದ ನಿತ್ಯದ ಕೆಲಸವಾಗಬೇಕಿತ್ತು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತುವುದು, ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಎತ್ತಿ ಕೆಲ ಕ್ಷಣ ಹಿಡಿಯುವುದು, ಒಂದು ಮೆಟ್ಟಿಲನ್ನು ಹತ್ತಿ ಇಳಿಯುವುದು, ಇಂಥ ಸರಳ ವ್ಯಾಯಾಮಗಳೇ ಆ ಬಲವನ್ನು ಮರಳಿಸುತ್ತವೆ. ನೋವು ಹೋದೊಡನೆ ಬಹಳ ಮಂದಿ ಇವನ್ನು ನಿಲ್ಲಿಸಿಬಿಡುತ್ತಾರೆ, ಮತ್ತು ನೋವು ಹೋದ ಮಾತ್ರಕ್ಕೆ ನಡಿಗೆ ತಾನಾಗಿ ಹೆಚ್ಚುವುದಿಲ್ಲ ಎಂದು ಹೆಜ್ಜೆ ಎಣಿಸುವ ಸಾಧನಗಳನ್ನು ಕಟ್ಟಿ ಮಾಡಿದ ಅಧ್ಯಯನಗಳು ತೋರಿಸಿವೆ. ವರ್ಷಗಳ ಕಾಲ ಕಡಿಮೆ ನಡೆದ ಅಭ್ಯಾಸ ಹಾಗೆಯೇ ಉಳಿಯುತ್ತದೆ.

ಎರಡೂ ಮಂಡಿಗಳನ್ನು ಒಂದೇ ಬಾರಿಗೆ ಬದಲಿಸುವ ಪದ್ಧತಿ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಒಂದೇ ಅರಿವಳಿಕೆ, ಒಂದೇ ಆಸ್ಪತ್ರೆವಾಸ, ಮನೆಯವರಿಗೆ ಒಂದೇ ಸಲದ ರಜೆ ಎಂಬ ಅನುಕೂಲಗಳು ನಿಜ. ಹೃದಯದ ಮತ್ತು ಶ್ವಾಸಕೋಶದ ತೊಂದರೆಗಳ ಅಪಾಯ ಒಂದು ಮಂಡಿಗಿಂತ ಇದರಲ್ಲಿ ಹೆಚ್ಚು ಎಂಬುದೂ ನಿಜ. ಗಟ್ಟಿ ಹೃದಯದ ಅರವತ್ತೈದರ ವ್ಯಕ್ತಿಗೆ ಒಪ್ಪುವುದು ಹೃದ್ರೋಗವಿರುವ ಎಂಬತ್ತರ ವ್ಯಕ್ತಿಗೆ ಒಪ್ಪುವುದಿಲ್ಲ.

ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದಾಗಿ ಹೇಳಿ ಮಾರಾಟವಾಗುವ ಉಪಾಯಗಳ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಸವೆದ ಮಂಡಿಯನ್ನು ಕೀಲಿನೊಳಗೆ ತೂರಿಸುವ ಸಣ್ಣ ದುರ್ಬೀನಿನ (ಆರ್ತ್ರೋಸ್ಕೋಪ್) ಮೂಲಕ ತೊಳೆಯುವುದು ಹುಸಿ ಶಸ್ತ್ರಚಿಕಿತ್ಸೆಗಿಂತ ಮೇಲಲ್ಲವೆಂದು 2002ರಲ್ಲಿಯೇ ತೀರ್ಮಾನವಾಗಿದೆ. ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವದ ಚುಚ್ಚುಮದ್ದು, ಇಂದಿರಾನಗರದ ಫಲಕಗಳಲ್ಲಿ ಇದರ ಪ್ರಚಾರ ಕಡಿಮೆಯಿಲ್ಲ, ಉಪ್ಪುನೀರಿನ ಚುಚ್ಚುಮದ್ದಿಗಿಂತ ನೋವನ್ನಾಗಲಿ ಸವೆತವನ್ನಾಗಲಿ ಹೆಚ್ಚು ತಗ್ಗಿಸಲಿಲ್ಲವೆಂದು 2021ರ ಆಸ್ಟ್ರೇಲಿಯದ ಪ್ರಯೋಗ ಕಂಡುಕೊಂಡಿತು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲವಾದ್ದರಿಂದ ಇದರ ಜಾಹೀರಾತು ಎಲ್ಲಿಯೂ ಕಾಣುವುದಿಲ್ಲ. ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕತ್ತರಿಸುವ ಕೋನ ಹೆಚ್ಚು ನಿಖರವಾಗುತ್ತದೆ ಎಂಬುದು ಸತ್ಯವೇ, ಆದರೆ ಇಪ್ಪತ್ತು ವರ್ಷದ ಬಾಳಿಕೆಯ ಮಾತನ್ನು ಅದರ ಬಗ್ಗೆ ಆಡಲು ಇಪ್ಪತ್ತು ವರ್ಷ ಕಳೆಯಬೇಕು. ಹೆಚ್ಚಿನ ಹಣ ಕೇಳುವ ಆಸ್ಪತ್ರೆಗಳು ಈ ಸರಳ ಮಾತನ್ನು ರೋಗಿಗೆ ಹೇಳಬೇಕು.

ಖರ್ಚಿನ ಚಿತ್ರ 2017ರ ಆಗಸ್ಟ್‌ನಲ್ಲಿ ಬದಲಾಯಿತು. ಔಷಧ ಬೆಲೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಪ್ರಾಧಿಕಾರವು ಮಂಡಿ ಕೀಲುಗಳಿಗೆ ಮಿತಿ ಬೆಲೆ ಗೊತ್ತುಮಾಡಿದಾಗ, ಸರಾಸರಿ 1,58,324 ರೂಪಾಯಿಗೆ ಮಾರಾಟವಾಗುತ್ತಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿನ ಬೆಲೆ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಮರುಶಸ್ತ್ರಚಿಕಿತ್ಸೆಗೆ ಬೇಕಾದ ಕೀಲಿಗೆ 1,13,950 ರೂಪಾಯಿ ಮಿತಿಯಾಯಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಮಂಡಿ ಬದಲಾವಣೆಯೂ ಸೇರಿತು. ನಿವೃತ್ತ ಸೈನಿಕರಿಗೆ 2003ರಿಂದ ಪ್ರತ್ಯೇಕ ಆರೋಗ್ಯ ಯೋಜನೆ ಇದೆ, ವಿಮೆಗೊಳಪಟ್ಟ ಕಾರ್ಮಿಕರಿಗೆ ಇಎಸ್‌ಐ ಇದೆ. ಯಾವುದೂ ಸಿಗದೆ ನಡುವೆ ಸಿಕ್ಕಿಬೀಳುವವರು ಸಣ್ಣ ವ್ಯಾಪಾರಿಗಳು, ಮನೆಗೆಲಸದವರು, ಯೋಜನೆಗಳ ಪಟ್ಟಿಯಲ್ಲಿ ಹೆಸರು ಸೇರದೆ ಉಳಿದವರು. ಇನ್ನು ಈ ಯೋಜನೆಗಳೆಲ್ಲ ಶಸ್ತ್ರಚಿಕಿತ್ಸೆಯ ದಿನಕ್ಕೆ ಹಣ ಕೊಡುತ್ತವೆ. ಐದು, ಹತ್ತು, ಹದಿನೈದನೆಯ ವರ್ಷದಲ್ಲಿ ಆ ಮಂಡಿ ಹೇಗಿದೆ ಎಂದು ಕೇಳುವ ಹೊಣೆಯನ್ನು ಯಾರಿಗೂ ಒಪ್ಪಿಸಿಲ್ಲ. ಸಾರ್ವಜನಿಕ ಹಣದಿಂದ ಹಾಕಿದ ಪ್ರತಿಯೊಂದು ಕೀಲಿನ ವಿವರವನ್ನು ನೋಂದಣಿಗೆ ಕಳಿಸುವುದು ಹಣ ಪಾವತಿಯ ಷರತ್ತಾಗಬೇಕು. ಬೌರಿಂಗ್, ಕಮಾಂಡ್, ಇಎಸ್‌ಐ ಮತ್ತು ಖಾಸಗಿ ಆಸ್ಪತ್ರೆಗಳು ಕೆಲವೇ ಮೈಲಿಗಳ ಅಂತರದಲ್ಲಿರುವ ಈ ಪ್ರದೇಶ ಅದನ್ನು ಮೊದಲು ಮಾಡಿ ತೋರಿಸಲು ಸೂಕ್ತ ಜಾಗ, ಮತ್ತು ಆ ನೋಂದಣಿಯ ಪ್ರಶ್ನೆಪಟ್ಟಿಯಲ್ಲಿ ನೆಲದ ಮೇಲೆ ಕೂರಲಾಗುತ್ತದೆಯೇ, ಮಂಡಿಯೂರಲಾಗುತ್ತದೆಯೇ, ಬಿಟ್ಟ ಕೆಲಸಕ್ಕೆ ಮರಳಲಾಯಿತೇ ಎಂಬ ಮೂರು ಪ್ರಶ್ನೆಗಳಾದರೂ ಇರಬೇಕು.

ಅಲ್ಲಿಯವರೆಗೆ ಮಂಡಿ ಬದಲಿಸಿಕೊಂಡವರು ತಮ್ಮ ದಾಖಲೆಯನ್ನು ತಾವೇ ಕಾಯಬೇಕು. ಕೀಲಿನ ಪ್ರತಿಯೊಂದು ಭಾಗದ ಜೊತೆಗೆ ತಯಾರಕರ ಹೆಸರು, ಅಳತೆ ಮತ್ತು ತಯಾರಿಕೆಯ ಬ್ಯಾಚ್ ಸಂಖ್ಯೆ ಅಚ್ಚಾದ ಅಂಟುಚೀಟಿ ಬಂದಿರುತ್ತದೆ. ಶಸ್ತ್ರಚಿಕಿತ್ಸೆಯ ಕಡತಕ್ಕೆ ಅಂಟಿಸುವ ಆ ಚೀಟಿಯ ಪ್ರತಿಯನ್ನು, ಬಿಡುಗಡೆಯ ಸಾರಾಂಶವನ್ನು ಮತ್ತು ಮೊದಲ ಎಕ್ಸ್-ರೇಯನ್ನು ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಹದಿನೈದು ವರ್ಷದ ನಂತರ ಪ್ಲಾಸ್ಟಿಕ್ ಬಿಲ್ಲೆಯೊಂದನ್ನೇ ಬದಲಿಸಿದರೆ ಸಾಕೋ, ಇಡೀ ಕೀಲನ್ನು ತೆಗೆಯಬೇಕೋ ಎಂದು ನಿರ್ಧರಿಸುವ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ. ನೋವಿಲ್ಲದಿದ್ದರೂ ಕೆಲವು ವರ್ಷಗಳಿಗೊಮ್ಮೆ ಹೋಗಿ ಎಕ್ಸ್-ರೇ ತೆಗೆಸಿಕೊಂಡು, ಹಳೆಯದರ ಪಕ್ಕದಲ್ಲಿಟ್ಟು ನೋಡುವಂತೆ ವೈದ್ಯರನ್ನು ಕೇಳಬೇಕು.